ಹೊಲದ ಬದುವಿಗೆ, ಎರಡು ಸಲ

೧೨ ಸೆಪ್ಟೆಂಬರ್ ೧೯೮೮, ಸೋಮವಾರ
ಹಾವೇರಿ

ಬಲಗಾಲು ತೊಡೆಯಿಂದ ಬೆರಳಿನತನಕ ಪ್ಲಾಸ್ಟರಿನಲ್ಲಿದೆ. ಬಲಗೈ ನೆಟ್ಟಗಿದೆ. ಬುದ್ಧಿಯೂ ಯಾವತ್ತಿನಂತೆ ನೆಟ್ಟಗಿದೆ. ಆದ್ದರಿಂದ ಬರೆಯುತ್ತೇನೆ.

ನೋಡಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಹೆಂಗ ಬಿದ್ರಿ ಅಕ್ಕಾರ?" ಮೆಟ್ಟಿಲ ಮೇಲೆ ನೀರು ಚೆಲ್ಲಿತ್ತು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಸುಳ್ಳು ಹೇಳುವ ಚಟ ನನಗಿಲ್ಲ. ನಾನು ಬಿದ್ದದ್ದು ಭಾಮಿನಿ ಷಟ್ಪದಿಯಲ್ಲಿ.

ನಮ್ಮ ಶಾಲೆಯ ಹತ್ತನೆಯ ಇಯತ್ತೆಯ ಹುಡುಗಿಯರಿಗೆ ಛಂದಸ್ಸನ್ನು ಬೆರಳು ಮಡಚಿ ಹೇಳಿದರೆ ತಲೆಗೆ ಹೋಗುವುದಿಲ್ಲ. ನಡೆದು ತೋರಿಸಬೇಕು. ನನಗೆ ಅಪ್ಪ ಕಲಿಸಿದ್ದೂ ಹಾಗೆಯೇ, ಅಗಡಿಯ ನಮ್ಮ ಹೊಲದ ಬದುವಿನ ಮೇಲೆ ನಡೆಸುತ್ತ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಮೂರನೆಯ ಸಾಲು ಉದ್ದ, ಅದರ ತುದಿಗೆ ಒಂದು ಗುರು, ಎಳೆದು ನಿಲ್ಲಿಸುವ ದೀರ್ಘಾಕ್ಷರ. ಆರನೆಯ ಸಾಲಿಗೂ ಹಾಗೆಯೇ. "ಆ ಗುರು ಹೊಲದ ಆ ತುದೀಗೆ ಮುಟ್ಟಬೇಕು ನೋಡವಾ" ಎನ್ನುತ್ತಿದ್ದ ಅಪ್ಪ.

ಅವತ್ತು ಶಾಲೆಯ ಕಲ್ಲುಮೆಟ್ಟಿಲುಗಳನ್ನು ಪದ್ಯ ಹೇಳುತ್ತ, ಮಾತ್ರೆಗೆ ತಕ್ಕ ಹೆಜ್ಜೆ ಹಾಕುತ್ತ ಇಳಿದೆ. ಆರನೆಯ ಸಾಲಿನ ತುದಿಯಲ್ಲಿ ಕಣ್ಣು ಮುಚ್ಚಿ ಗುರುವನ್ನು ಎಳೆದೆ. ಎಂಥ ಗುರು ಅದು! ಮೆಟ್ಟಿಲು ಮುಗಿದರೂ ಅದು ಮುಗಿಯಲಿಲ್ಲ. ಬಿದ್ದದ್ದೂ ಪಾಠದ ಭಾಗವೆಂದು ತಿಳಿದು ಹುಡುಗಿಯರು ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಚೀರಿದರು.

ಈಗ ಅಣ್ಣ ಬಾಳಕೃಷ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಕಿಟಕಿಯಿಂದ ಕಾಣುವುದು ಹಿತ್ತಲ ಗೋಡೆ, ಅದರ ಮೇಲೆ ಒಂದು ಪಟ್ಟಿ ಆಕಾಶ. ಐವತ್ತೊಂದು ವರ್ಷದಲ್ಲಿ ಇಷ್ಟು ದಿನ ಮನೆಯೊಳಗೆ ಇದ್ದವಳಲ್ಲ ನಾನು. ಹೊರಗಿನ ಲೋಕದ ಮೇಲೆ ಒಂದು ಪದ್ಯ ಬರೆಯಲಿದ್ದೇನೆ. ಭಾಮಿನಿಯಲ್ಲಿಯೇ. ಬಿದ್ದಲ್ಲಿಂದಲೇ ಏಳಬೇಕು.

೧೫ ಸೆಪ್ಟೆಂಬರ್

ಮೊದಲ ಮೂರು ಸಾಲು ಸಿದ್ಧ.

ನಲಿವ ಚೂತದ ಚಿಗುರ ಮೆಲ್ಲುವ
ಕಲಿತ ಕೋಗಿಲೆ ಕೊರಳ ಗಾನದ
ಹಲವು ರಾಗದ ಸವಿಯ ಸೂಸಲು ವನದಿ ನಿಂದಿಹೆ ನಾ

ಪ್ರತಿ ಸಾಲಿನ ಎರಡನೆಯ ಅಕ್ಷರ ಲ-ಕಾರ. ಪ್ರಾಸ ಕೂದಲೆಳೆಯಷ್ಟೂ ತಪ್ಪಿಲ್ಲ. ಹೆಮ್ಮೆಯಿಂದ ವೈನಿಗೆ ಓದಿ ತೋರಿಸಿದೆ. ವೈನಿ ಪದ್ಮಾಬಾಯಿ, ಬಾಳಣ್ಣನ ಹೆಂಡತಿ, ನನ್ನ ಊಟದ ತಾಟು ಎತ್ತಲು ಬಂದಿದ್ದರು.

"ಅಲ್ಲಾ ನಲಿನಿ, ನಿಂತೀನಿ ಅಂತ ಬರದೀಯಲ್ಲಾ, ಎಲ್ಲಿ ನಿಂತೀದಿ? ಮಂಚಾ ಬಿಟ್ಟು ಇಳದಿಲ್ಲ ನೀ. ಮತ್ತ ಭಾದ್ರಪದದಾಗ ಯಾವ ಕೋಗಿಲಾ ಕೂಗ್ತದ?"

"ಕಾವ್ಯಕ್ಕ ಪಂಚಾಂಗ ಇರೂದಿಲ್ಲ ವೈನಿ."

"ಹೊರಗ ಹೋಗಬೇಕು, ಹೊರಗ ಹೋಗಬೇಕು ಅಂತ ಮುಂಜಾನಿಂದ ಸಂಜೀತನಾ ಅಂತಿರ್ತೀ. ಅದನ್ನ ಬರಿಯಲ್ಲಾ."

ನಕ್ಕುಬಿಟ್ಟೆ. ಪುನರುಕ್ತಿ ದೋಷವೆಂದರೇನು ಎಂದು ವೈನಿಗೆ ಹೇಳಲು ಹೋಗಲಿಲ್ಲ. ಒಂದೇ ಮಾತನ್ನು ಎರಡು ಸಲ ಬರೆಯುವವಳಿಗೆ ಎರಡನೆಯ ಮಾತು ಗೊತ್ತಿಲ್ಲವೆಂದೇ ಅರ್ಥ. ಹುಡುಗಿಯರ ಪದ್ಯಗಳಲ್ಲಿ ಅಂಥ ಸಾಲು ಕಂಡರೆ ಕೆಂಪು ಶಾಯಿ ಎಳೆದೇ ಮುಂದೆ ಹೋಗುವವಳು ನಾನು.

೨೮ ಸೆಪ್ಟೆಂಬರ್

ಮಳೆ. ವಾಸನೆ ಮಾತ್ರ ಒಳಗೆ ಬರುತ್ತದೆ. ಪದ್ಯ ಮುಂದೆ ಹೋಗುತ್ತಿಲ್ಲ. ಪ್ಲಾಸ್ಟರಿನೊಳಗೆ ತುರಿಕೆ.

೯ ಅಕ್ಟೋಬರ್, ರವಿವಾರ

ಅಗಡಿಯಿಂದ ಹಾಲಸಿದ್ದಪ್ಪ ಬಂದಿದ್ದ. ನಮ್ಮ ಹೊಲವನ್ನು ಪಾಲಿಗೆ ಮಾಡುವವನು. ಅಪ್ಪನ ಕಾಲದಿಂದಲೂ ಅವನೇ. ಟವೆಲಿನಲ್ಲಿ ಹಸಿ ಶೇಂಗಾ ಕಟ್ಟಿಕೊಂಡು ತಂದಿದ್ದ, ಬಳ್ಳಿ ಸಮೇತ, ಮಣ್ಣು ಸಮೇತ. ಮಣ್ಣು ಹಾಸಿಗೆಯ ಮೇಲೆಲ್ಲ ಉದುರಿತು. ವೈನಿ ಕಸಬರಿಗೆ ತಂದರು. ನಾನು ಮುಟ್ಟಗೊಡಲಿಲ್ಲ. ಇನ್ನೂ ಇದೆ, ದಿಂಬಿನ ಪಕ್ಕ.

ಅವನು ಬಂದದ್ದು ಸೀಗಿ ಹುಣ್ಣಿಮೆಯ ಮಾತಿಗೆ. ಸೀಗಿ ಹುಣ್ಣಿಮೆಗೂ ಎಳ್ಳಮಾಸಿಯ ಅಮಾವಾಸ್ಯೆಗೂ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಬೇಕು. ಹೋಳಿಗೆ, ರೊಟ್ಟಿ, ಪುಂಡಿಪಲ್ಯ, ಅನ್ನ ಎಲ್ಲ ಕಲಸಿ ಬುಟ್ಟಿಯಲ್ಲಿಟ್ಟು, ಚೆಲ್ಲುತ್ತ ಹೊಲವನ್ನು ಸುತ್ತುವುದು. ಮುಂದಿನವನು "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದಿನವನು ನೀರು ಚಿಮುಕಿಸುತ್ತ "ಚಲಾಂಬ್ರಿಗೋ" ಎಂದು ಓಗೊಡಬೇಕು. ಸುತ್ತು ಮುಗಿಯುವವರೆಗೂ ಅದೇ ಮಾತು. ಅಪ್ಪ ಕೂಗಿದರೆ ಪಕ್ಕದ ಹೊಲದ ಎತ್ತುಗಳೂ ತಲೆ ಎತ್ತುತ್ತಿದ್ದವು. ಅಪ್ಪ ಹೋದ ಮೇಲೆ ಹೋದ ವರ್ಷ ಬಾಳಣ್ಣ ಕೂಗಿದ. ಬಾಳಣ್ಣ ಹೋಟೆಲಿನಲ್ಲಿ ಚಹಾ ಬೇಕೆಂದರೂ ಬೆರಳೆತ್ತಿ ತೋರಿಸುವ ಮನುಷ್ಯ.

"ಸಣ್ಣ ಧಣ್ಯಾರು ಕೂಗಿದ್ದು ಅವರ ಅಂಗೀಗುಂಡಿಗೆ ಕೇಳಿಸ್ತ್ರಿ. ಹೊಲಕ್ಕ ಕೇಳಿಸ್ಲಿಲ್ಲ" ಎಂದ ಹಾಲಸಿದ್ದಪ್ಪ.

"ನಾ ಕೂಗ್ತೀನಿ" ಎಂದೆ.

"ನೀವಾ? ಹೆಣಮಕ್ಕಳು ಬುತ್ತಿ ಕಟ್ಟತಾರ್ರಿ ಅಕ್ಕಾರ. ಕೂಗೂದು ಗಂಡಸರು."

"ನನ್ನ ದನಿ ಕಡೀ ಬೆಂಚಿನ ಆಚೆ ಗೋಡೀಗೆ ಮುಟ್ತದ. ನಿಮ್ಮೂರಾಗ ಅಂಥಾ ಗಂಡಸು ಇದ್ರ ತೋರ್ಸು."

ಅವನು ತಲೆ ತುರಿಸಿಕೊಂಡ. "ದನಿ ಮಾತಲ್ರಿ. ಹೊಲಾ ಸುತ್ತಿ ಕೂಗಬೇಕ್ರಿ. ಕುಂತಲ್ಲೇ ಕೂಗಿದ್ರ ಅದು ಚರಗ ಆಗಾಂಗಿಲ್ಲ."

ನ್ಯಾಯವಾದ ಮಾತು. ನಿಯಮವೆಂದರೆ ನಿಯಮ, ಅದು ನನಗೆ ತಿಳಿಯುತ್ತದೆ. ನಡೆಯುತ್ತೇನೆ, ನಡೆದೇ ಕೂಗುತ್ತೇನೆ ಎಂದು ಮಾತು ಕೊಟ್ಟೆ.

ಅವನು ಹೋದ ಮೇಲೆ ಆ ಕೂಗಿಗೆ ಪ್ರಸ್ತಾರ ಹಾಕಿ ನೋಡಿದೆ. ಕರೆಗೆ ಐದು ಮಾತ್ರೆ ಮತ್ತೊಂದು ಗುರು. ಓಗೊಡುವುದಕ್ಕೆ ನಾಲ್ಕು ಮಾತ್ರೆ ಮತ್ತೊಂದು ಗುರು. ಯಾವ ಛಂದಸ್ಸಿಗೂ ಸೇರಿದ್ದಲ್ಲ. ಅರ್ಥ ಕೇಳಿದರೆ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅಪ್ಪ ಇದನ್ನು "ಮೊದಲನೇ ಪದ್ಯ" ಎನ್ನುತ್ತಿದ್ದ. ಅಪ್ಪನ ಎಲ್ಲ ಮಾತನ್ನೂ ಒಪ್ಪಬೇಕೆಂದೇನಿಲ್ಲ.

೨೫ ಅಕ್ಟೋಬರ್, ಸೀಗಿ ಹುಣ್ಣಿಮೆ

ಪ್ಲಾಸ್ಟರ್ ಇನ್ನೂ ಇದೆ. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುತ್ತೇವೆ ಎಂದರು ಬಾಳಣ್ಣ ಮತ್ತು ವೈನಿ. ಗಂಟಿನ ಹಾಗೆ ಹೊಲಕ್ಕೆ ಹೋಗುವವಳಲ್ಲ ನಾನು ಎಂದೆ. ಹೋದರು.

ಮನೆ ಖಾಲಿ. ಬೀದಿಯಲ್ಲಿ ಚಕ್ಕಡಿಗಳು ಹೋಗುವ ಸಪ್ಪಳ, ಕೊರಳಗೆಜ್ಜೆ, ಮಕ್ಕಳ ಕೂಗಾಟ. ಒಂದೂ ಕಾಣುವುದಿಲ್ಲ. ಪದ್ಯದ ನಾಲ್ಕನೆಯ ಸಾಲಿಗೆ ಕೈ ಹಾಕಿದೆ. "ಜಲದ" ಎಂದು ಶುರುಮಾಡಿ, ಯಾವ ಜಲವೆಂದು ನನಗೇ ತಿಳಿಯದೆ ಹೊಡೆದುಹಾಕಿದೆ.

ಮಧ್ಯಾಹ್ನ, ಅಲ್ಲಿ ಕೂಗು ಹಾಕುವ ಹೊತ್ತಿಗೆ ಎಂದು ಕಾಣುತ್ತದೆ, ಎದ್ದು ಕೂತೆ. ಬಾಯಿ ತೆರೆದೆ. "ಹುಲ್ಲುಲ್ಲಿಗೋ" ಎಂದು ಬಂತು. ಕಿಟಕಿಯ ಸರಳು ನಡುಗುವಷ್ಟು ಜೋರಾಗಿ.

ಗೋಡೆಯಾಚೆಯಿಂದ ಕ್ಷಣವೂ ತಡವಿಲ್ಲದೆ "ಚಲಾಂಬ್ರಿಗೋ" ಎಂದು ಉತ್ತರ ಬಂತು.

ಅಕ್ಬರಬಿ. ಬಳೆಗಾರ್ತಿ, ನನಗಿಂತ ಹತ್ತು ವರ್ಷ ದೊಡ್ಡವಳು. ಗೋಡೆಯ ಮೇಲೆ ಅವಳ ಮುಖ ಕಾಣಿಸಿಕೊಂಡಿತು, ಕಲ್ಲಿನ ಮೇಲೆ ಹತ್ತಿ ನಿಂತಿದ್ದಳು.

"ಮನ್ಯಾಗ ಚರಗಾ ಚೆಲ್ಲಾಕತ್ತೀರೇನ್ರಿ ಅಕ್ಕಾರ?"

"ನಿಂಗ ಹೆಂಗ ಗೊತ್ತು ಇದು?"

"ಅಯ್ಯ, ನಮ್ಮ ತವರುಮನಿ ಕರ್ಜಗಿ ಅಲ್ಲೇನ್ರಿ? ನಮ್ಮಪ್ಪನೂ ಹೊಲದಾಗ ಕೂಗತಿದ್ದ. ಭೂಮಿ ಎಲ್ಲಾರ ಹೊಟ್ಟೀಗೂ ಹಾಕ್ತೈತಿ. ಕೂಗ್ರಿ, ಇನ್ನೊಮ್ಮೆ ಕೂಗ್ರಿ."

ಕೂಗಿದೆ. ಅವಳು ಓಗೊಟ್ಟಳು. ಮತ್ತೆ ಕೂಗಿದೆ. ಗಂಟಲು ಒಣಗುವವರೆಗೂ ಕೂಗಿದೆವು. ಎಷ್ಟು ಸಲ ಎಂದು ಎಣಿಸಲಿಲ್ಲ.

ಇದು ಕಾವ್ಯವಲ್ಲ ಎಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ.

೨೬ ಅಕ್ಟೋಬರ್

ವೈನಿ ವರದಿ ಒಪ್ಪಿಸಿದರು. ಬಾಳಣ್ಣ ಎರಡು ಸಲ ಕೂಗಿ, ಪಕ್ಕದ ಹೊಲದವರು ನೋಡುತ್ತಿದ್ದಾರೆಯೇ ಎಂದು ತಿರುಗಿ ನೋಡಿ, ಆಮೇಲೆ ಸುಮ್ಮನೆ ಚೆಲ್ಲುತ್ತ ಹೋದನಂತೆ. ಪಾಪ, ಅವನದೇನೂ ತಪ್ಪಿಲ್ಲ. ಎಳ್ಳಮಾಸಿಗೆ ನಾನೇ.

೨೪ ನವೆಂಬರ್

ಪ್ಲಾಸ್ಟರ್ ಬಿಚ್ಚಿದರು. ಒಳಗಿಂದ ಹೊರಟದ್ದು ನನ್ನ ಕಾಲು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ನುಗ್ಗೆಕಾಯಿಯಂತಿದೆ. ಡಾಕ್ಟರರು ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತಿನವರು. ಕೋಲು ಹಿಡಿದು ಮನೆಯೊಳಗೆ ನಡೆಯಿರಿ, ತಗ್ಗುದಿನ್ನೆಯ ನೆಲಕ್ಕೆ ಯುಗಾದಿಯ ತನಕ ಹೋಗಬೇಡಿ ಎಂದರು. ಎಳ್ಳಮಾಸಿ ಯುಗಾದಿಗಿಂತ ಮೊದಲು ಬರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ನಾನೂ ವಾದಿಸಲಿಲ್ಲ.

೨ ಡಿಸೆಂಬರ್

ಅಕ್ಬರಬಿಯ ಮಗ ಮಲ್ಲಿಕಸಾಬ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುವ ಕೆಲಸದಲ್ಲಿದ್ದಾನೆ. ಸಂಜೆ ಬಂದು ನಡೆಸುತ್ತಾನೆ. ಮೊದಲ ದಿನವೇ ಜಗಳ.

"ಒಂದ್, ಎರಡ್. ಒಂದ್, ಎರಡ್. ಇಡ್ರಿ ಅಕ್ಕಾರ."

"ನನ್ನ ಮುಂದ ಒಂದೆರಡು ಎಣಸಬ್ಯಾಡ. ಮೂರು, ನಾಲ್ಕು ಅನ್ನು. ನನ್ನ ಕಾಲಿಗೆ ಅದ ರೂಢಿ."

"ಇರೂದ ಎರಡು ಕಾಲ್ರಿ. ಮೂರು ನಾಲ್ಕು ಎಲ್ಲಿಂದ ತರಲ್ರಿ?"

ನಗು ಬಂತು. ನಕ್ಕಾಗ ಕೋಲು ಜಾರಿತು, ಅವನು ಹಿಡಿದುಕೊಂಡ. ಕೊನೆಗೆ ರಾಜಿಯಾಯಿತು. ಅವನು ಒಂದು-ಎರಡು ಎನ್ನುತ್ತಾನೆ, ನಾನು ಮನಸ್ಸಿನಲ್ಲಿ ಮೂರು-ನಾಲ್ಕು ಎಂದುಕೊಳ್ಳುತ್ತೇನೆ. ಮಂಚದಿಂದ ಬಾಗಿಲಿಗೆ ಹೋದೆ.

೩ ಡಿಸೆಂಬರ್

ನಡೆದೆ. ಮಂಚದಿಂದ ಬಾಗಿಲಿಗೆ.

೪ ಡಿಸೆಂಬರ್

ನಡೆದೆ. ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ.

೬ ಡಿಸೆಂಬರ್

ನಡೆದೆ. ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಪಡಸಾಲೆಗೆ. ನೋವು ಬಹಳ. ನಡೆದೆ.

೧೧ ಡಿಸೆಂಬರ್

ನಡೆದೆ. ಪಡಸಾಲೆಗೆ. ವೈನಿ ನೋಡದಂತೆ ನಟಿಸುತ್ತ ರೊಟ್ಟಿ ಬಡಿಯುತ್ತಿದ್ದರು. ರೊಟ್ಟಿ ಬಡಿಯುವ ಸದ್ದಿಗೂ ನನ್ನ ಕಾಲಿಗೂ ತಾಳ ಕೂಡಿತು. ಬಡಿಯುವುದು ನಿಂತಾಗ ನನ್ನ ಕಾಲೂ ನಿಂತಿತು. "ವೈನಿ, ಇನ್ನೊಂದು ಬಡೀರಿ" ಎಂದೆ. ಬೇಡದಿದ್ದರೂ ಇನ್ನೊಂದು ಬಡಿದರು. ಮನೆಯವರೆಲ್ಲ ಇವತ್ತು ಒಂದು ರೊಟ್ಟಿ ಹೆಚ್ಚು ತಿನ್ನಬೇಕಾಯಿತು.

೨೨ ಡಿಸೆಂಬರ್

ತಲಬಾಗಿಲಿಗೆ ಬಂದೆ. ಬ್ಯಾಡಗಿ ಪೇಟೆಯ ಕಡೆಗೆ ಮೆಣಸಿನಕಾಯಿ ಚೀಲ ಹೇರಿದ ಲಾರಿಯೊಂದು ಬೀದಿಯಲ್ಲಿ ಹೋಯಿತು. ಬೀದಿಗೆ ಬೀದಿಯೇ ಸೀನಿತು. ನಾನೂ ಸೀನಿದೆ. ಊರಿನ ಜೊತೆ ಕೂಡಿ ಸೀನುವುದು ಇಷ್ಟು ಸಂತೋಷದ ಕೆಲಸವೆಂದು ಗೊತ್ತಿರಲಿಲ್ಲ.

ಬಾಗಿಲ ಮುಂದೆ ಮೂರು ಕಲ್ಲುಮೆಟ್ಟಿಲು. ಎರಡು ಇಳಿದೆ. ಮೂರನೆಯದರ ಅಂಚಿನಲ್ಲಿ ಕಾಲು ನಿಂತುಬಿಟ್ಟಿತು. ಮಲ್ಲಿಕಸಾಬ ಕೆಳಗೆ ಕೈ ಚಾಚಿ ನಿಂತಿದ್ದ. "ಏನೂ ಆಗೂದಿಲ್ರಿ, ನಾ ಇದ್ದೇನ್ರಿ" ಎಂದ. ಮೈಯೆಲ್ಲ ಬೆವರಿತು. ತಿರುಗಿ ಹತ್ತಿದೆ.

ಪದ್ಯದ್ದೂ ಅದೇ ಗತಿ. ಕೋಗಿಲೆ ಮತ್ತು ಮಾವಿನ ಚಿಗುರನ್ನು ಮೊನ್ನೆ ಹೊಡೆದುಹಾಕಿದೆ. ಲ-ಕಾರದ ಪ್ರಾಸಕ್ಕೆ ಹೊಲ ಇದೆ, ಬಲಗಾಲಿದೆ, ಅಷ್ಟು ಸಾಕು. ಹೊಸದಾಗಿ ಆರೂ ಸಾಲು ಬಂದಿವೆ, ಬಹಳ ಸಲೀಸಾಗಿ. ಆರನೆಯ ಸಾಲಿನ ಕೊನೆಯ ಗುರು ಮಾತ್ರ ಇಲ್ಲ. "ನಾ" ಇಟ್ಟೆ, ಮೂರನೆಯ ಸಾಲಿಗೆ ಆಗಲೇ ಅದಿದೆ. "ಹಾ" ಇಟ್ಟೆ, ನಾಟಕ ಕಂಪನಿಯಾಯಿತು. ಜಾಗ ಖಾಲಿ ಬಿಟ್ಟಿದ್ದೇನೆ.

೪ ಜನವರಿ ೧೯೮೯

ಎಳ್ಳಮಾಸಿ ಶನಿವಾರ. ಹಾಲಸಿದ್ದಪ್ಪ ಚಕ್ಕಡಿ ತರುತ್ತೇನೆಂದು ಹೇಳಿ ಕಳಿಸಿದ್ದಾನೆ.

ಬಾಳಣ್ಣ ರಾತ್ರಿ ಊಟಕ್ಕೆ ಕೂತಾಗ ತಾಟು ನೋಡುತ್ತ ಹೇಳಿದ. "ನಲಿನಿ, ಮತ್ತ ಬಿದ್ರ? ಈ ಸಲಾನೂ ನಾ ಹೆಂಗೋ ಕೂಗ್ತೀನಿ. ಮುಂದಿನ ವರ್ಷ ನೋಡೋಣಂತ."

"ಮುಂದಿನ ವರ್ಷ ಇವತ್ತಿನ ಹೆದರಿಕಿ ಇನ್ನೊಂದು ವರ್ಷ ದೊಡ್ಡದಾಗಿರ್ತದ" ಎಂದೆ.

ಅವನು ಮಜ್ಜಿಗೆಯನ್ನು ನನ್ನ ಕಡೆ ಸರಿಸಿದ.

ಹೌದು, ಹೆದರಿಕೆಯಾಗುತ್ತದೆ. ಇಲ್ಲಿ ಬರೆದುಬಿಟ್ಟೆ. ಕಣ್ಣು ಮುಚ್ಚಿದರೆ ಶಾಲೆಯ ಕೊನೆಯ ಮೆಟ್ಟಿಲು ಕಾಣುತ್ತದೆ, ಎಲುಬು ಮುರಿದ ಸದ್ದು ಕೇಳುತ್ತದೆ. ಮನೆಯ ಮೂರನೆಯ ಮೆಟ್ಟಿಲನ್ನು ಇವತ್ತಿನವರೆಗೂ ಇಳಿದಿಲ್ಲ.

೭ ಜನವರಿ, ಎಳ್ಳಮಾಸಿ

ಕಾಲು ಬಾತು ದಿಂಬಿನ ಮೇಲಿದೆ. ಆದರೂ ಇವತ್ತೇ ಬರೆಯಬೇಕು.

ಮುಂಬಾಗಿಲಿನಿಂದ ಹೊರಡಲಿಲ್ಲ. ನಮ್ಮ ಹಿತ್ತಲಿಗೂ ಅಕ್ಬರಬಿಯ ಹಿತ್ತಲಿಗೂ ಮೆಟ್ಟಿಲಿಲ್ಲ. ಗೋಡೆಯ ಪಕ್ಕದ ಸಂದಿಯಿಂದ ಅವಳ ಅಂಗಳಕ್ಕೆ, ಅಲ್ಲಿಂದ ಬೀದಿಗೆ. "ಹೋಗಿ ಬರ್ರಿ, ಇಲ್ಲಿತನಾ ಕೇಳಿಸ್ಬೇಕ ನೋಡ್ರಿ ಮತ್ತ" ಎಂದಳು.

ಚಕ್ಕಡಿಯಿಂದ ಇಳಿದು ಹೊಲದಲ್ಲಿ ಕಾಲಿಟ್ಟೆ. ಬಿಳಿಜೋಳ ಎದೆಯೆತ್ತರ ನಿಂತಿತ್ತು. ಕರಿಮಣ್ಣು ಬಿರುಕು ಬಿಡಲು ಶುರುವಾಗಿತ್ತು. ನಾಲ್ಕು ತಿಂಗಳು ಪಟ್ಟಿ ಆಕಾಶ ನೋಡಿದವಳಿಗೆ ಇಡೀ ಆಕಾಶ ಒಮ್ಮೆಗೇ ಕೊಟ್ಟಂತಾಯಿತು. ಅತ್ತುಬಿಟ್ಟೆ. ವೈನಿ ಸೆರಗು ಕೊಟ್ಟರು.

ಪೂಜೆಯಾಯಿತು. ಬಾಳಣ್ಣ ಬುಟ್ಟಿ ಎತ್ತಿಕೊಂಡ. ಹಾಲಸಿದ್ದಪ್ಪ ನೀರಿನ ತಂಬಿಗೆ ಹಿಡಿದು ಇನ್ನೂ ತಲೆ ತುರಿಸಿಕೊಳ್ಳುತ್ತಿದ್ದ. "ಹೆಣಮಕ್ಕಳು ಕೂಗಿದ್ದು ನಮ್ಮ ಕಡೆ ಕೇಳಿಲ್ರಿ" ಎಂದ.

ಯಾವತ್ತೂ ನಡುವೆ ಬಾಯಿ ಹಾಕದ ವೈನಿ, ಹೋಳಿಗೆ ಕಲಸಿದ ಕೈ ಒರೆಸಿಕೊಳ್ಳುತ್ತ ಹೇಳಿದರು. "ಉಣ್ಣಾಕಿ ಹೆಣ್ಣು, ಅಡಿಗಿ ಮಾಡಿದಾಕಿ ಹೆಣ್ಣು. ಕರಿಯಾಕಿ ಹೆಣ್ಣಾದ್ರ ಏನಾತು ಹಾಲಸಿದ್ದಪ್ಪಾ?"

ಹಾಲಸಿದ್ದಪ್ಪ ಭೂಮಿಯನ್ನು ನೋಡಿದ, ವೈನಿಯನ್ನು ನೋಡಿದ. "ಕೂಗ್ರಿ ಅಕ್ಕಾರ" ಎಂದ.

ಕೋಲೂರಿ ಬದುವಿನ ಮೇಲೆ ಹೊರಟೆ. ಮೊದಲ ಕೂಗು ಶಾಲೆಯ ಪಾಠದಂತೆ ಬಂತು. ಎರಡನೆಯದಕ್ಕೆ ಎದೆ ಬಿಚ್ಚಿತು. ನನ್ನ ಹಿಂದೆ ಬಾಳಣ್ಣ ಚೆಲ್ಲುತ್ತಿದ್ದ. ಹಾಲಸಿದ್ದಪ್ಪ ಓಗೊಡುತ್ತಿದ್ದ. ಕೂಗಿಗೊಂದು ಹೆಜ್ಜೆ, ಹೆಜ್ಜೆಗೊಂದು ಕೂಗು. ಮೂರು-ನಾಲ್ಕು ಎಣಿಸಲು ಪುರುಸೊತ್ತೇ ಇರಲಿಲ್ಲ.

ನಡುದಾರಿಯಲ್ಲಿ ಮಳೆನೀರು ಬದುವನ್ನು ಕೊರೆದಿದೆ. ಒಂದು ಗೇಣಿನಷ್ಟು ತಗ್ಗು, ಕಲ್ಲುಮೆಟ್ಟಿಲಿನಷ್ಟೇ ಎತ್ತರ. ಅಂಚಿನಲ್ಲಿ ಕಾಲು ನಿಂತಿತು. ಮತ್ತೆ ಅದೇ ಬೆವರು. ಕೂಗೂ ನಿಂತಿತು. ಜೋಳದ ಎಲೆಗಳ ಸಪ್ಪಳವಷ್ಟೇ.

ಆಗ ಹಿಂದಿನಿಂದ "ಚಲಾಂಬ್ರಿಗೋ" ಎಂದು ಬಂತು. ಕರೆಯದೆಯೇ ಓಗೊಟ್ಟದ್ದು. ಹಾಲಸಿದ್ದಪ್ಪನ ದನಿಯಲ್ಲ, ಬಾಳಣ್ಣನದು. ಸ್ವಲ್ಪ ಒಡೆದ ದನಿ, ಆದರೆ ಜೋರಾಗಿತ್ತು. ಮೊದಲು ಕೂಗಲು ನಾಚುವ ಮನುಷ್ಯನಿಗೆ ಓಗೊಡಲು ನಾಚಿಕೆಯಿರಲಿಲ್ಲ.

ನಾನು "ಹುಲ್ಲುಲ್ಲಿ" ಎಂದೆ. ಕಣ್ಣು ತೆರೆದೇ ಇಟ್ಟಿದ್ದೆ. "ಗೋ" ಎಂದು ಎಳೆದೆ. ಎಳೆಯುತ್ತಲೇ ಕೋಲನ್ನು ತಗ್ಗಿನಲ್ಲಿ ಊರಿದೆ, ಬಲಗಾಲನ್ನು ಇಳಿಸಿದೆ. ನೆಲ ಸಿಕ್ಕಿತು. ಕಾಲು ನಿಂತಿತು. "ಗೋ" ಇನ್ನೂ ಹೋಗುತ್ತಲೇ ಇತ್ತು, ಹೊಲದ ಆ ತುದಿಯವರೆಗೆ, ಅದರಾಚೆಗೆ. ಪಕ್ಕದ ಹೊಲದಲ್ಲಿ ಉಣ್ಣುತ್ತ ಕೂತಿದ್ದ ಮಂದಿ ಅಲ್ಲಿಂದಲೇ "ಚಲಾಂಬ್ರಿಗೋ" ಎಂದು ಓಗೊಟ್ಟರು.

ಪೂರ್ತಿ ಸುತ್ತಲಿಲ್ಲ. ಸುಳ್ಳು ಬರೆಯುವುದಿಲ್ಲ. ಬನ್ನಿಗಿಡದ ಮೂಲೆಗೆ ಬರುವಷ್ಟರಲ್ಲಿ ಕಾಲು ಸಾಕು ಎಂದಿತು. ಅಲ್ಲಿ ನಿಂತು ಕೂಗಿದೆ. ಉಳಿದ ಅರ್ಧವನ್ನು ಬಾಳಣ್ಣ ಸುತ್ತಿದ, ಪ್ರತಿ ಕೂಗಿಗೂ ಮೊದಲಿಗಿಂತ ಜೋರಾಗಿ ಓಗೊಡುತ್ತ. ಅವನ ಮುಖ ಕೆಂಪಾಗಿತ್ತು. ಅಪ್ಪನ ಮುಖವೇ ಅದು. ನನಗೆ ಅವನ ಮೇಲೂ ನನ್ನ ಮೇಲೂ ಎಲ್ಲರ ಮೇಲೂ ಎಷ್ಟು ಅಭಿಮಾನ ಬಂತೆಂದರೆ ಹೇಳಲಾರೆ.

"ನಿಂತು ಕೂಗಿದ್ದು ನಡೀತದೇನೋ?" ಎಂದು ಹಾಲಸಿದ್ದಪ್ಪನನ್ನು ಕೇಳಿದೆ.

"ನೀವು ಇಲ್ಲೀತನಾ ನಡದು ಬಂದು ನಿಂತೀರ್ರಿ ಅಕ್ಕಾರ. ನಡೀತೈತ್ರಿ" ಎಂದ. "ಮುಂದಿನ ಸೀಗಿ ಹುಣ್ಣಿಮಿಗೂ ನೀವ ಬರಬೇಕ್ರಿ."

ಮನೆಗೆ ಬಂದಾಗ ಚಕ್ಕಡಿಯನ್ನು ಮುಂಬಾಗಿಲಿಗೆ ನಿಲ್ಲಿಸಲು ಹೇಳಿದೆ. ಮೂರೂ ಮೆಟ್ಟಿಲು ಹತ್ತಿದೆ. ತಿರುಗಿ ಮೂರನ್ನೂ ಇಳಿದೆ. ಮತ್ತೆ ಹತ್ತಿದೆ. ಚಕ್ಕಡಿಯಲ್ಲಿ ಪಾತ್ರೆ ಹಿಡಿದು ಕೂತಿದ್ದ ವೈನಿ, ಹುಚ್ಚು ಹಿಡಿಯಿತೇ ಎಂದು ಕೇಳಿದರು.

೮ ಜನವರಿ, ರವಿವಾರ

ಪದ್ಯ ಮುಗಿಯಿತು.

ಹೊಲದ ಬದುವಿಗೆ ಕೋಲನೂರುವೆ
ಹೊಲದ ಬದುವಿಗೆ ಕಾಲನೂರುವೆ
ಹೊಲವೆ ನಿನ್ನಯ ಮಣ್ಣ ತುಳಿಯುವೆ ಹೆಜ್ಜೆ ಹೆಜ್ಜೆಗು ನಾ
ಬಲದ ಕಾಲಿದು ಎಡದ ಕಾಲಿದು
ಬಲದ ಕಾಲಿದು ನಡೆದು ಬಂದಿದೆ
ಒಲಿದು ಕೇಳಿರಿ ಜೋಳದೆಲೆಗಳೆ ನನ್ನ ಕೂಗಿದು ಗೋ

ಮಾತ್ರೆ ಸರಿ, ಪ್ರಾಸ ಸರಿ, ಗುರು ಅದರ ಜಾಗದಲ್ಲಿದೆ. ನಾಳೆ ಶಾಲೆಗೆ ಹೋಗಿ ಹತ್ತನೆಯ ಇಯತ್ತೆಗೆ ಓದಿ ಹೇಳುತ್ತೇನೆ, ಅದೇ ಮೆಟ್ಟಿಲ ಮೇಲೆ ನಿಂತು.

ವೈನಿ ಚಹಾ ತಂದವರು ಕಾಗದವನ್ನು ಕೈಗೆತ್ತಿಕೊಂಡು, ತುಟಿ ಅಲುಗಿಸುತ್ತ ಓದಿದರು. ಎರಡನೆಯ ಸಾಲಿನ ಮೇಲೆ ಬೆರಳಿಟ್ಟರು.

"ಹೊಲದ ಬದುವಿಗೆ ಅಂತ ಎರಡ ಸಲ ಬರದೀಯಲ್ಲಾ ನಲಿನಿ?"

ನೋಡಿದೆ. ಹೌದು, ಎರಡು ಸಲ ಇದೆ.

"ಕಾಲು ಎರಡು ಅವ ಅಲ್ಲೇನು ವೈನಿ" ಎಂದೆ.